ಮೀನಿನ ಡಬ್ಬಿಯಲ್ಲಿ ಗೋದಲಿ



ಕಳೆದ ವರ್ಷ ಆಗಮನ ಕಾಲದ ಎರಡನೇ ಭಾನುವಾರ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬಲಿಪೂಜೆ ಮುಗಿದ ಮೇಲೆ ಕ್ರಿಸ್ತೋಪದೇಶದ ಕೋಣೆಯಲ್ಲಿ ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ನಾವು ಡಬ್ಬಿ ಗೋದಲಿ ಮಾಡಲು ಹೊರಟಿದ್ದೆವು. ಮನೆಯಲ್ಲಿ ಎಸೆಯಲು ಇಟ್ಟಿರುವ ಸಣ್ಣ ಡಬ್ಬಿಗಳನ್ನು ತನ್ನಿ ಎಂದು ಹೇಳಿದ್ದಕ್ಕೆ ಮೇಜು ತುಂಬಿತ್ತು. ಮುಚ್ಚಳ ಸಡಿಲಾದ ಕಂಪಾಸ್ ಪೆಟ್ಟಿಗೆ, ಗಲ್ಫಿನ ಚಿಕ್ಕಪ್ಪ ತಂದ ನೀವಿಯಾ ಕ್ರೀಮಿನ ನೀಲಿ ಡಬ್ಬಿ, ಕಾಡಿಗೆ ಡಬ್ಬಿ, ಯಾರದೋ ಅಜ್ಜನ ನಶ್ಯದ ಡಬ್ಬಿ, ಅರಬ್ಬಿ ಅಕ್ಷರಗಳಿದ್ದ ಟ್ಯೂನಾ ಮೀನಿನ ಡಬ್ಬಿಗಳು ಏಳೆಂಟು. ಗೋಡೆಯಿಂದ ಕೆರೆದು ತಂದ ಪಾಚಿ, ಬೈಹುಲ್ಲು, ತೋಡಿನ ಬದಿಯ ಜೇಡಿಮಣ್ಣು, ಫೆವಿಕಾಲ್. ಒಂದು ಗಂಟೆಯಲ್ಲಿ ಕೋಣೆ ಗದ್ದೆಯಂತಾಗಿತ್ತು.

ಆಗ ನಮ್ಮ ವಾಳೆಯ ಹಿರಿಯ ಬಾಯಿಯೊಬ್ಬರು ಒಳಗೆ ಬಂದರು. ಟ್ಯೂನಾ ಡಬ್ಬಿಯೊಂದನ್ನು ಎತ್ತಿ ಮೂಸಿ ನೋಡಿ, "ಎಂತ ಮಗಳೇ ಇದು? ಮೀನಿನ ಡಬ್ಬಿಯಲ್ಲಿ ಬಾಲಯೇಸುವನ್ನು ಮಲಗಿಸುವುದಾ?" ಎಂದು ಕೇಳಿದರು.

"ತೊಳೆದಿದ್ದೇವೆ ಬಾಯಿ" ಎಂದೆ.

"ತೊಳೆದದ್ದು ಸರಿ. ತಿಂದು ಬಿಸಾಡುವುದರಲ್ಲಿ ದೇವರನ್ನು ಇಡುವುದು ಸರಿಯಾ ಅಂತ ನಾನು ಕೇಳಿದ್ದು."

ನನಗೆ ಉತ್ತರ ಬರಲಿಲ್ಲ. ಮಕ್ಕಳು ನಕ್ಕರು, ನಾನೂ ನಕ್ಕು ಮಾತು ತಪ್ಪಿಸಿದೆ. ಆದರೆ ಅದು ನಗುವ ಪ್ರಶ್ನೆಯಲ್ಲ. ನಮ್ಮ ಮನೆಗಳಲ್ಲಿ ಅಲ್ತಾರಿನ ಮೇಲಿನ ಹೂದಾನಿಗೆ ಬೇರೆ ನೀರು ಹಾಕುತ್ತೇವೆ, ಹಳೆಯ ಜಪಸರವನ್ನು ಕಸದ ಬುಟ್ಟಿಗೆ ಹಾಕುವುದಿಲ್ಲ. ದೇವರದ್ದು ಬೇರೆ, ಕಸ ಬೇರೆ ಎಂಬುದು ನಮ್ಮನ್ನು ಬೆಳೆಸಿದ ಹಿರಿಯರ ಶಿಸ್ತು. "ಕಸದಿಂದ ರಸ" ಎಂದು ಶಾಲೆಯ ಭಿತ್ತಿಪತ್ರದ ಮಾತು ಹೇಳಿದರೆ ಅವರಿಗೆ ಉತ್ತರ ಕೊಟ್ಟಂತಾಗುವುದಿಲ್ಲ. ಹಾಗಾಗಿ ಈ ವರ್ಷವಿಡೀ ಬಿಡುವಾದಾಗಲೆಲ್ಲ ಡಬ್ಬಿಯ ಇತಿಹಾಸವನ್ನೂ ಗೋದಲಿಯ ಇತಿಹಾಸವನ್ನೂ ಓದಿದೆ. ಎರಡೂ ಎಲ್ಲಿ ಸೇರುತ್ತವೆ ಎಂದು ಹುಡುಕಿದೆ. ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಡಬ್ಬಿ. ನಾವು ಟಿನ್ ಎನ್ನುವುದು ಪೂರ್ತಿ ಟಿನ್ ಅಲ್ಲ. ಕಬ್ಬಿಣದ (ಈಗ ಉಕ್ಕಿನ) ತೆಳು ತಗಡಿನ ಮೇಲೆ ತವರದ ಒಂದು ಪದರ. ಅದರಲ್ಲಿ ಆಹಾರ ತುಂಬಿ ಮುಚ್ಚುವ ಉಪಾಯಕ್ಕೆ ಇಂಗ್ಲೆಂಡಿನ ಪೀಟರ್ ಡ್ಯುರಾಂಡ್ 1810ರಲ್ಲಿ ಪೇಟೆಂಟ್ ಪಡೆದ. ಅದೇ ವರ್ಷ ಫ್ರಾನ್ಸಿನ ನಿಕೊಲಾ ಅಪೇರ್ ಎಂಬ ಮಿಠಾಯಿಗಾರ, ಗಾಜಿನ ಬಾಟಲಿಯಲ್ಲಿ ಆಹಾರವನ್ನು ಕುದಿಸಿ ಮುಚ್ಚಿ ಕೆಡದಂತೆ ಇಡುವ ವಿಧಾನಕ್ಕೆ ತನ್ನ ಸರಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದಿದ್ದ. ಎರಡರ ಹಿಂದೆಯೂ ಇದ್ದದ್ದು ಯುದ್ಧ: ನೆಪೋಲಿಯನ್ ಕಾಲದ ಸೈನಿಕರಿಗೂ ನಾವಿಕರಿಗೂ ಊಟ ಬೇಕಿತ್ತು. 1813ರ ಹೊತ್ತಿಗೆ ಲಂಡನ್ನಿನ ಬರ್ಮಂಡ್ಸಿಯಲ್ಲಿ ಬ್ರಯನ್ ಡಾಂಕಿನ್ ಮತ್ತು ಜಾನ್ ಹಾಲ್ ಅವರ ಕಾರ್ಖಾನೆ ನೌಕಾಪಡೆಗೆ ಡಬ್ಬಿ ಮಾಂಸ ಕಳಿಸುತ್ತಿತ್ತು. ತಮಾಷೆಯೆಂದರೆ ಡಬ್ಬಿ ತೆರೆಯುವ ಸಾಧನ ಬಂದದ್ದು 1850ರ ದಶಕದಲ್ಲಿ. ಅಲ್ಲಿಯವರೆಗೆ ಉಳಿ, ಸುತ್ತಿಗೆ. ತೆರೆದ ಮೇಲೆ ಡಬ್ಬಿಯ ಬಾಯಿ ಹೇಗಿರುತ್ತಿತ್ತು ಎಂದು ಊಹಿಸಿಕೊಳ್ಳಿ.

ಇನ್ನು ಗೋದಲಿ. ಇದರ ಮೊದಲ ಕಥೆ ನಮಗೆಲ್ಲ ಗೊತ್ತು, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಮೇವಿನ ತೊಟ್ಟಿ, ಹುಲ್ಲು, ಒಂದು ಎತ್ತು, ಒಂದು ಕತ್ತೆ ಇಷ್ಟನ್ನು ತರಿಸಿದರು. ಬೊಂಬೆಗಳಿರಲಿಲ್ಲ. ಮರಿಯಮ್ಮ, ಜೋಸೆಫರ ವೇಷ ಹಾಕಿದವರೂ ಇರಲಿಲ್ಲ. ಆ ತೊಟ್ಟಿಯ ಮೇಲೆಯೇ ಬಲಿಪೂಜೆ ನಡೆಯಿತು. ಆರೇಳು ವರ್ಷದೊಳಗೆ ಚೆಲಾನೊದ ತೊಮಾಸೊ ಸಂತರ ಚರಿತ್ರೆಯಲ್ಲಿ ಇದನ್ನು ಬರೆದಿಟ್ಟರು. 2019ರ ಡಿಸೆಂಬರ್ 1ರಂದು ಪೋಪ್ ಫ್ರಾನ್ಸಿಸ್ ಗೋದಲಿಯ ಅರ್ಥದ ಬಗ್ಗೆ ಬರೆದ ಪತ್ರಕ್ಕೆ ಸಹಿ ಹಾಕಿದ್ದು ಇದೇ ಗ್ರೆಚ್ಚೊದಲ್ಲಿ.

ಅಲ್ಲಿಂದ ಮುಂದಕ್ಕೆ ಗೋದಲಿ ದೊಡ್ಡದಾಗುತ್ತಾ ಹೋಯಿತು. 13ನೇ ಶತಮಾನದ ಕೊನೆಗೆ ರೋಮಿನ ಸಾಂತಾ ಮರಿಯಾ ಮಜ್ಜೋರೆ ಬಸಿಲಿಕಾಕ್ಕೆ ಆರ್ನಾಲ್ಫೊ ದಿ ಕಾಂಬಿಯೊ ಅಮೃತಶಿಲೆಯಲ್ಲಿ ಮೂರ್ತಿಗಳನ್ನು ಕೆತ್ತಿದ. 18ನೇ ಶತಮಾನದ ನೇಪಲ್ಸಿನಲ್ಲಿ ಅರಸರೂ ಶ್ರೀಮಂತರೂ ರೇಷ್ಮೆ ಉಡುಪಿನ ನೂರಾರು ಬೊಂಬೆಗಳ ಗೋದಲಿ ಮಾಡಿಸಿ ಪೈಪೋಟಿಗೆ ಇಳಿದರು. ಈಗಲೂ ನಮ್ಮಲ್ಲಿ ಗೋದಲಿ ಸ್ಪರ್ಧೆ ಎಂದರೆ ಕಾರಂಜಿ, ತಿರುಗುವ ಗಾಳಿಯಂತ್ರ, ಎಲ್‌ಇಡಿ ಮಾಲೆ ಎನ್ನುವವರಿದ್ದಾರಲ್ಲ, ಅವರ ಹಿರಿಯರು ನೇಪಲ್ಸಿನವರು.

ನನಗೆ ಬೇಕಿದ್ದದ್ದು ಅದರ ಉಲ್ಟಾ ಕಥೆ. ಗೋದಲಿ ಸಣ್ಣದಾದದ್ದು ಯಾವಾಗ?

ಒಂದು ಉತ್ತರ ಫ್ರಾನ್ಸಿನ ಮಾರ್ಸೇಯ್ ಬಂದರಿನಲ್ಲಿದೆ. 1789ರ ಕ್ರಾಂತಿಯ ನಂತರದ ಬಿಸಿಯಲ್ಲಿ ಅಲ್ಲಿ ಚರ್ಚುಗಳು ಮುಚ್ಚಿದವು, ನಡುರಾತ್ರಿಯ ಬಲಿಪೂಜೆ ನಿಂತಿತು, ಚರ್ಚಿನ ದೊಡ್ಡ ಗೋದಲಿಯೂ ಇಲ್ಲವಾಯಿತು. ಜನ ಮನೆಯೊಳಗೆ ಇಟ್ಟುಕೊಂಡರು. ಆ ಊರಿನ ಜಾನ್-ಲೂಯಿ ಲಾನ್ಯೆಲ್ ಎಂಬ ಕುಶಲಕರ್ಮಿ ಪ್ಲಾಸ್ಟರಿನ ಅಚ್ಚು ಮಾಡಿ ಜೇಡಿಮಣ್ಣಿನಿಂದ ಬೆರಳುದ್ದದ ಬೊಂಬೆಗಳನ್ನು ತೆಗೆದ. ಬಡವರ ಕೈಗೂ ನಿಲುಕುವ ಬೆಲೆ. ಆ ಬೊಂಬೆಗಳಿಗೆ ಸಾಂತೊನ್ ಎಂದು ಹೆಸರು. ಪ್ರೊವೆನ್ಸ್ ಭಾಷೆಯಲ್ಲಿ ಪುಟ್ಟ ಸಂತ ಎಂದರ್ಥ. 1803ರಿಂದ ಮಾರ್ಸೇಯ್‌ನಲ್ಲಿ ಸಾಂತೊನ್ ಸಂತೆ ನಡೆಯುತ್ತಿದೆ. ಈ ಗೋದಲಿಯಲ್ಲಿ ಪವಿತ್ರ ಕುಟುಂಬದ ಸುತ್ತ ಇರುವವರು ಬೆತ್ಲೆಹೇಮಿನವರಲ್ಲ, ಪ್ರೊವೆನ್ಸಿನ ಹಳ್ಳಿಯವರೇ. ರೊಟ್ಟಿ ಸುಡುವವನು, ಚಾಕು ಸಾಣೆ ಹಿಡಿಯುವವನು, ಹಿಟ್ಟಿನ ಗಿರಣಿಯವನು, ಬರಿಗೈಯಲ್ಲಿ ಬಂದು ಎರಡೂ ಕೈ ಮೇಲೆತ್ತಿ ಬೆರಗಾಗಿ ನಿಂತ ಮುಗ್ಧ. ಮತ್ತೆ, ಬುಟ್ಟಿ ಹಿಡಿದ ಮೀನು ಮಾರುವವಳು. ಇದನ್ನು ಓದಿದಾಗ ನನಗೆ ನಮ್ಮ ಬಾಯಿಯ ನೆನಪಾಯಿತು. ಗೋದಲಿಯ ಹತ್ತಿರ ಮೀನಿನ ವಾಸನೆ ಇನ್ನೂರು ವರ್ಷ ಹಳೆಯದು!

ಆದರೂ ಅಲ್ಲಿ ಡಬ್ಬಿ ಇಲ್ಲ. ಎಸೆದ ಡಬ್ಬಿಯೇ ದೇವರ ಮನೆಯಾದ ಕಥೆಗೆ ಸಮುದ್ರ ದಾಟಿ ಈಗಿನ ಅಮೆರಿಕದ ನ್ಯೂ ಮೆಕ್ಸಿಕೊಗೆ ಹೋಗಬೇಕು. ನಾನು ಓದಿದ್ದರಲ್ಲಿ ಅತಿ ಹೆಚ್ಚು ಇಷ್ಟವಾದದ್ದು ಇದು.

ನ್ಯೂ ಮೆಕ್ಸಿಕೊ ಮೊದಲು ಸ್ಪೇನಿನ ಆಳ್ವಿಕೆಯಲ್ಲಿತ್ತು, 1821ರಿಂದ ಮೆಕ್ಸಿಕೊ ದೇಶದ ಭಾಗ. ಸ್ಪ್ಯಾನಿಷ್ ಮಾತಾಡುವ ಕಥೋಲಿಕರು, ಮಣ್ಣಿನ ಇಟ್ಟಿಗೆಯ ಸಣ್ಣ ಸಣ್ಣ ಚರ್ಚುಗಳು. ರಾಜಧಾನಿ ಮೆಕ್ಸಿಕೊ ನಗರ ಎರಡು ಸಾವಿರ ಕಿಲೋಮೀಟರಿಗೂ ದೂರ, ದಾರಿಯೆಲ್ಲ ಮರುಭೂಮಿ. ಅಷ್ಟು ದೂರದಿಂದ ಬೆಳ್ಳಿಯ ದೀಪಸ್ತಂಭ, ಬೆಳ್ಳಿಯ ಚೌಕಟ್ಟು ಯಾರು ತರಿಸುತ್ತಾರೆ? ಲೋಹವೇ ಅಪರೂಪ. ಊರಿನ ಬಡಗಿಗಳು ಮರದಲ್ಲಿ ಸಂತರ ಮೂರ್ತಿ ಕೆತ್ತುತ್ತಿದ್ದರು, ಹಲಗೆಯ ಮೇಲೆ ಚಿತ್ರ ಬರೆಯುತ್ತಿದ್ದರು.

1846ರ ಆಗಸ್ಟಿನಲ್ಲಿ ಅಮೆರಿಕದ ಸೇನೆ ಸಾಂತಾ ಫೆ ಪಟ್ಟಣಕ್ಕೆ ಬಂತು. ಎರಡು ವರ್ಷದಲ್ಲಿ ಇಡೀ ಪ್ರದೇಶ ಅಮೆರಿಕದ ಪಾಲಾಯಿತು. ಜನ ತಮ್ಮ ಮನೆಯಲ್ಲೇ ಇದ್ದರು, ಗಡಿ ಅವರನ್ನು ದಾಟಿ ಆಚೆ ಹೋಯಿತು. (1956ರ ಬಗ್ಗೆ ಅಜ್ಜಂದಿರಿಂದ ಕೇಳಿ ಬೆಳೆದ ನಮಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲಿ ಬಂದದ್ದು ಸೇನೆ, ಇಲ್ಲಿ ಬಂದದ್ದು ಸರಕಾರಿ ಆದೇಶ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ.) ಸೇನೆಯ ಜೊತೆ ಗಾಡಿಗಟ್ಟಲೆ ಡಬ್ಬಿಗಳು ಬಂದವು. ಹಂದಿ ಕೊಬ್ಬಿನ ಡಬ್ಬಿ, ದೀಪದ ಎಣ್ಣೆಯ ಡಬ್ಬಿ, ಆಹಾರದ ಡಬ್ಬಿ. ಸಿಪಾಯಿಗಳು ತಿಂದು ಹೊರಗೆ ಎಸೆದರು.

ಊರಿನ ಕುಶಲಕರ್ಮಿಗಳು ಅದನ್ನು ಹೆಕ್ಕಿಕೊಂಡರು. ಕತ್ತರಿಯಿಂದ ಬಿಡಿಸಿ ಚಪ್ಪಟೆ ಮಾಡಿ, ಮೊಳೆಯಿಂದಲೂ ಸಣ್ಣ ಉಳಿಯಿಂದಲೂ ಹಿಂಬದಿಯಿಂದ ತಟ್ಟಿ ಚುಕ್ಕಿ, ಎಲೆ, ಚಿಪ್ಪಿನ ಆಕಾರಗಳನ್ನು ಎಬ್ಬಿಸಿ, ಬೆಸುಗೆ ಹಾಕಿ ಜೋಡಿಸಿದರು. ಗೋಡೆಗೆ ತೂಗುವ ಮೋಂಬತ್ತಿ ಹಿಡಿಕೆಗಳು, ಶಿಲುಬೆಗಳು, ಚಿತ್ರದ ಚೌಕಟ್ಟುಗಳು ಆದವು. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಮಾತಿಗೆ ಬೇಕಾದದ್ದು ನಿಚೊ. ಗೂಡು ಎನ್ನಬಹುದು. ತಗಡಿನ ಪುಟ್ಟ ಪೆಟ್ಟಿಗೆ, ಮುಂದೆ ಗಾಜು, ಒಳಗೆ ಮರದ ಒಬ್ಬ ಸಂತ ಅಥವಾ ಮಾತೆ ಮರಿಯಮ್ಮ. ಬದಿಯ ಗಾಜಿನ ಹಿಂದೆ ಬಣ್ಣ ಬಳಿಯುತ್ತಿದ್ದರು ಇಲ್ಲವೇ ಗೋಡೆಗೆ ಅಂಟಿಸುವ ಹೂವಿನ ಕಾಗದದ ತುಂಡು ಇಡುತ್ತಿದ್ದರು. ಇವು ಕ್ರಿಸ್ಮಸ್ ದೃಶ್ಯಗಳೇ ಅಲ್ಲ, ವರ್ಷವಿಡೀ ಮನೆಯಲ್ಲಿರುವ ದೇವರ ಗೂಡುಗಳು. ಆದರೆ ನಮ್ಮ ಕಂಪಾಸ್ ಪೆಟ್ಟಿಗೆಯ ಗೋದಲಿಗೆ ಇವಕ್ಕಿಂತ ಹತ್ತಿರದ ನೆಂಟರು ಇಲ್ಲ.

1851ರಲ್ಲಿ ಜಾನ್-ಬ್ಯಾಪ್ಟಿಸ್ಟ್ ಲಾಮಿ ಎಂಬ ಫ್ರೆಂಚ್ ಧರ್ಮಾಧ್ಯಕ್ಷರು ಸಾಂತಾ ಫೆಗೆ ಬಂದರು. ಅವರಿಗೂ ಅವರ ಜೊತೆ ಬಂದ ಗುರುಗಳಿಗೂ ಊರಿನ ಮರದ ಮೂರ್ತಿಗಳು ಅಷ್ಟು ಹಿಡಿಸಲಿಲ್ಲ. ಯುರೋಪಿನ ರೀತಿಯ ಚಿತ್ರಗಳು ಅವರಿಗೆ ಇಷ್ಟ. ಅಚ್ಚು ಹಾಕಿದ ಸಂತರ ಚಿತ್ರಗಳು ಬರತೊಡಗಿದವು. ಕಾಗದದ ಚಿತ್ರಕ್ಕೆ ಚೌಕಟ್ಟು ಬೇಡವೇ? ಅದಕ್ಕೂ ಇದೇ ಡಬ್ಬಿಯ ತಗಡು. 1880ರಲ್ಲಿ ರೈಲು ಬಂದ ಮೇಲೆ ಸೀಮೆಎಣ್ಣೆಯ ದೊಡ್ಡ ಡಬ್ಬಗಳೂ ಕಿಟಕಿ ಗಾಜೂ ಧಾರಾಳವಾಗಿ ಸಿಕ್ಕವು, ಕೆಲಸ ಇನ್ನಷ್ಟು ಬೆಳೆಯಿತು. ಹೊರಗಿನಿಂದ ಬಂದ ಗುರುಗಳ ರುಚಿ, ಹೊರಗಿನಿಂದ ಬಂದ ಸೇನೆಯ ಕಸ, ಊರವರ ಕೈ. ಮೂರೂ ಸೇರಿ ಒಂದು ಹೊಸ ಕಲೆಯಾಯಿತು. 20ನೇ ಶತಮಾನದ ಆರಂಭದಲ್ಲಿ ಅಂಗಡಿಯ ಸಿದ್ಧ ಚೌಕಟ್ಟುಗಳು ಅಗ್ಗವಾಗಿ ಈ ಕೆಲಸ ಕುಗ್ಗಿತು, 1930ರ ದಶಕದಲ್ಲಿ ಮತ್ತೆ ಚಿಗುರಿತು.

ಈಗ ಅವು ವಸ್ತುಸಂಗ್ರಹಾಲಯಗಳಲ್ಲಿವೆ. ಕೆಲವನ್ನು ತಿರುಗಿಸಿ ಹಿಂಬದಿ ನೋಡಿದರೆ ಡಬ್ಬಿಯ ಕಂಪೆನಿಯ ಉಬ್ಬು ಅಕ್ಷರಗಳು ಹಾಗೇ ಉಳಿದಿವೆ. ಮುಂದೆ ಮಾತೆ ಮರಿಯಮ್ಮ, ಹಿಂದೆ ಹಂದಿ ಕೊಬ್ಬಿನ ವ್ಯಾಪಾರಿಯ ಮುದ್ರೆ. ಮಾಡಿದವನಿಗೆ ಅದನ್ನು ಉಜ್ಜಿ ಅಳಿಸಬೇಕೆಂದು ಅನಿಸಲಿಲ್ಲ. ನಾಚಿಕೆ ಇರಲಿಲ್ಲವೋ, ಅಳಿಸಿದರೆ ತಗಡು ತೂತಾಗುತ್ತದೆಂಬ ಲೆಕ್ಕವೋ, ಹಿಂಬದಿ ಯಾರು ನೋಡುತ್ತಾರೆ ಎಂದುಕೊಂಡನೋ. ನನಗೆ ಮೂರೂ ಸಹಜವೆನಿಸುತ್ತವೆ. ಅವನೂ ಮನೆ ನಡೆಸಬೇಕಿದ್ದ ಮನುಷ್ಯ.

ಕೆಲಸವಿಲ್ಲದ ಚಳಿಗಾಲದಿಂದ ಹುಟ್ಟಿದ ಇನ್ನೊಂದು ಗೋದಲಿ ಪೋಲೆಂಡಿನ ಕ್ರಾಕೊ ನಗರದ್ದು. ಹಿಮ ಬಿದ್ದಾಗ ಗೋಡೆ ಕಟ್ಟುವವರಿಗೂ ಹೆಂಚು ಹೊದಿಸುವವರಿಗೂ ಕೂಲಿ ಇಲ್ಲ. 19ನೇ ಶತಮಾನದಲ್ಲಿ ಅಂಥವರು ರಟ್ಟು, ಮರದ ಚೂರುಗಳಿಂದ ತಮ್ಮ ಊರಿನ ಚರ್ಚುಗಳ ಗೋಪುರಗಳನ್ನೇ ಹೋಲುವ ಗೋದಲಿ ಮಾಡಿ, ಹೊತ್ತುಕೊಂಡು ಮನೆ ಮನೆಗೆ ಹೋಗಿ ಕ್ರಿಸ್ಮಸ್ ಹಾಡು ಹಾಡಿ ಕಾಸು ಸಂಪಾದಿಸಿದರು. ಹೊಳಪಿಗೆ ಬಣ್ಣದ ಬೇಗಡೆ ಕಾಗದ. ಅದಕ್ಕೆ ಚಾಕಲೇಟಿನ ಸುತ್ತುಕಾಗದವೂ ಆಗುತ್ತದೆ. 1937ರಲ್ಲಿ ಅಲ್ಲಿ ಸ್ಪರ್ಧೆ ಆರಂಭವಾಯಿತು, ಯುದ್ಧ ಕಾಲದಲ್ಲಿ ನಿಂತು ಮತ್ತೆ 1945ರಲ್ಲಿ ಶುರುವಾಯಿತು. ಎರಡು ಆಳೆತ್ತರದ ಗೋದಲಿಗಳ ಪಕ್ಕದಲ್ಲಿ ಅಂಗೈಯೊಳಗೆ ಕೂರುವ ಅತಿ ಸಣ್ಣ ಗೋದಲಿಗಳಿಗೂ ಪ್ರತ್ಯೇಕ ಬಹುಮಾನ ಉಂಟು. 2018ರಲ್ಲಿ ಯುನೆಸ್ಕೊ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಡಬ್ಬಿಯ ಬಗ್ಗೆ ಬರೆಯುವಾಗ 1914ರ ಕ್ರಿಸ್ಮಸ್ ಬಿಡಲು ಆಗುವುದಿಲ್ಲ, ಏಕೆಂದರೆ ಅದರಲ್ಲಿ ನಮ್ಮ ದೇಶದವರೂ ಇದ್ದಾರೆ. ಮೊದಲ ಮಹಾಯುದ್ಧ ಶುರುವಾದ ವರ್ಷ ಬ್ರಿಟನ್ನಿನ ರಾಜಕುಮಾರಿ ಮೇರಿಗೆ 17 ವಯಸ್ಸು. ಯುದ್ಧದಲ್ಲಿರುವ ಪ್ರತಿ ಸೈನಿಕನಿಗೂ ನಾವಿಕನಿಗೂ ಕ್ರಿಸ್ಮಸ್ ಉಡುಗೊರೆ ಕಳಿಸಬೇಕೆಂದು ಅವಳ ಹೆಸರಿನಲ್ಲಿ ನಿಧಿ ಎತ್ತಿದರು; 1,62,000 ಪೌಂಡಿಗೂ ಮೀರಿ ಹಣ ಬಂತು. ಅಂಗೈಗಿಂತ ಸ್ವಲ್ಪ ಉದ್ದದ, ಮುಚ್ಚಳದ ಮೇಲೆ ರಾಜಕುಮಾರಿಯ ಮುಖ ಅಚ್ಚೊತ್ತಿದ ಡಬ್ಬಿ. ಹೆಸರಿಗೆ ಟಿನ್, ಲೋಹ ಹಿತ್ತಾಳೆ. ಒಳಗೆ ಹೊಗೆಸೊಪ್ಪು, ಸಿಗರೇಟು, ಶುಭಾಶಯದ ಕಾರ್ಡು. ಸೇದದವರಿಗೆ ಹುಳಿ ಮಿಠಾಯಿ ಮತ್ತು ಬರೆಯುವ ಕಾಗದ, ಪೆನ್ಸಿಲ್. ಆ ಚಳಿಗಾಲ ಫ್ರಾನ್ಸಿನ ಕೆಸರಿನಲ್ಲಿದ್ದ ಭಾರತೀಯ ಸೈನಿಕರಿಗೆ ಅವರವರ ಪದ್ಧತಿ ನೋಡಿ ಬೇರೆ ಉಡುಗೊರೆ. ಸಿಖ್ಖರಿಗೆ ಹೊಗೆಸೊಪ್ಪಿನ ಬದಲು ಕಲ್ಲುಸಕ್ಕರೆ ಮತ್ತು ಮಸಾಲೆಯ ಒಂದು ಪುಟ್ಟ ಡಬ್ಬಿ. ನೀರು ಹೊರುವ ಭಿಸ್ತಿಗಳಿಗೂ ಮಸಾಲೆ ಡಬ್ಬಿ. ಆ ಡಬ್ಬಿ ತೆರೆದಾಗ ಅವರಿಗೆ ಬಂದ ವಾಸನೆ ಯಾವ ಮನೆಯದ್ದಾಗಿರಬಹುದು ಎಂದು ಯೋಚಿಸುತ್ತೇನೆ.

ಆ ಕ್ರಿಸ್ಮಸ್ ದಿನದೊಳಗೆ ಮೂರೂವರೆ ಲಕ್ಷ ಡಬ್ಬಿಗಳು ತಲುಪಿದ್ದವು, ಒಟ್ಟು ಹಂಚಿದ್ದು 26 ಲಕ್ಷಕ್ಕೂ ಹೆಚ್ಚು. ಸಿಗರೇಟು ಮುಗಿಯಿತು, ಡಬ್ಬಿ ಮುಗಿಯಲಿಲ್ಲ. ಪತ್ರ, ಫೋಟೊ, ಗುಂಡಿ, ಪದಕ ಇಟ್ಟುಕೊಂಡರು. ಈಗಲೂ ಎಷ್ಟೋ ಮನೆಗಳ ಕಪಾಟಿನಲ್ಲಿ ಅವು ಇವೆ. ಮುಚ್ಚಳವಿರುವ ಡಬ್ಬಿಯನ್ನು ಎಸೆಯಲು ಮನುಷ್ಯನಿಗೆ ಮನಸ್ಸು ಬರುವುದಿಲ್ಲ. ನಮ್ಮ ಅಮ್ಮಂದಿರ ಹೊಲಿಗೆ ದಾರ ಬಿಸ್ಕತ್ತಿನ ಡಬ್ಬಿಯಲ್ಲಿ ಇರುವುದೂ ಅದಕ್ಕೇ.

ಈವರೆಗೆ ಹೇಳಿದ್ದು ಡಬ್ಬಿ ಎಂಬ ವಸ್ತುವಿನ ಮಾತು. ಪೆಟ್ಟಿಗೆಯೊಳಗೆ ಒಂದು ಇಡೀ ದೃಶ್ಯ ಕಟ್ಟುವ ಕಲೆ ತುದಿ ಮುಟ್ಟಿದ್ದು ಪೆರು ದೇಶದ ಆಯಾಕುಚೊದಲ್ಲಿ. ಆಂಡಿಸ್ ಬೆಟ್ಟಗಳ ನಡುವೆ ಸುಮಾರು 2,700 ಮೀಟರ್ ಎತ್ತರದ ಊರು. ಸ್ಪೇನಿನಿಂದ ಬಂದ ಮಿಷನರಿಗಳು ಹೊತ್ತು ನಡೆಯುವಂತಹ ಪುಟ್ಟ ಪೆಟ್ಟಿಗೆ ಅಲ್ತಾರುಗಳನ್ನು ತಂದಿದ್ದರು. ಬೆಟ್ಟದ ಜನ ಅದನ್ನು ತಮ್ಮದಾಗಿಸಿಕೊಂಡರು. ಎರಡು ಬಾಗಿಲಿನ ಮರದ ಪೆಟ್ಟಿಗೆ, ಬಾಗಿಲ ಮೇಲೆ ಹೂವಿನ ಚಿತ್ತಾರ, ಒಳಗೆ ಎರಡು ಅಂತಸ್ತು. ಮೇಲೆ ಜಾನುವಾರು ಕಾಯುವ ಸಂತರು: ದನಗಳಿಗೆ ಸಂತ ಮಾರ್ಕ, ಕುರಿಗಳಿಗೆ ಸಂತ ಯೊವಾನ್ನ. ಕೆಳಗೆ ದನಗಾಹಿಗಳು, ಸಿಕ್ಕಿಬಿದ್ದ ದನಗಳ್ಳ, ಸಂಗೀತದವರು. ಬೊಂಬೆಗಳ ಹಿಟ್ಟು ಜಿಪ್ಸಮ್ ಪುಡಿ ಮತ್ತು ಬೇಯಿಸಿದ ಆಲೂಗಡ್ಡೆಯದ್ದು. ಸಂತ ಮಾರ್ಕರ ಪೆಟ್ಟಿಗೆ ಎಂದೇ ಹೆಸರು. ದನಗಳಿಗೆ ಗುರುತು ಹಾಕುವ ಹಬ್ಬದ ದಿನ ಅದನ್ನು ತೆರೆದಿಟ್ಟು ಪ್ರಾರ್ಥಿಸುತ್ತಿದ್ದರು.

1940ರ ದಶಕದ ಹೊತ್ತಿಗೆ ಕೇಳುವವರು ಕಡಿಮೆಯಾಗಿದ್ದರು. ಆಗ ಲಿಮಾದ ಚಿತ್ರಕಾರ್ತಿ ಅಲಿಸಿಯಾ ಬುಸ್ತಮಾಂತೆ ಆಯಾಕುಚೊದ ಹೊಆಕಿನ್ ಲೊಪೆಸ್ ಅಂತಾಯ್ ಎಂಬವರ ಕೆಲಸ ನೋಡಿ, ಸಂತರ ಜೊತೆಗೆ ಊರಿನ ಹಬ್ಬ, ಕೊಯ್ಲು, ಸಂತೆಗಳನ್ನೂ ಮಾಡಿ ಎಂದು ಪ್ರೋತ್ಸಾಹಿಸಿದರು. 1897ರಲ್ಲಿ ಹುಟ್ಟಿದ ಲೊಪೆಸ್ ಅಂತಾಯ್ ಈ ಕೆಲಸ ಕಲಿತದ್ದು ತನ್ನ ಅಜ್ಜಿಯಿಂದ. ಆಗಿನಿಂದ ಪೆಟ್ಟಿಗೆಗೆ ರೆತಾಬ್ಲೊ ಎಂಬ ಹೆಸರು ನಿಂತಿತು. ಕ್ರಿಸ್ತ ಜನನದ ರೆತಾಬ್ಲೊ ಈಗ ಪ್ರಪಂಚಕ್ಕೆಲ್ಲ ಹೋಗುತ್ತದೆ. ಬೆಂಕಿಪೊಟ್ಟಣದೊಳಗೆ ಮಾಡುವ ಪುಟಾಣಿ ರೆತಾಬ್ಲೊಗಳೂ ಉಂಟು.

1975ರಲ್ಲಿ ಪೆರು ಸರಕಾರ ಕಲೆಗಾಗಿ ಕೊಡುವ ರಾಷ್ಟ್ರೀಯ ಸಂಸ್ಕೃತಿ ಪ್ರಶಸ್ತಿಯನ್ನು ಇವರಿಗೆ ಕೊಟ್ಟಿತು. ದೊಡ್ಡ ಗಲಾಟೆಯಾಯಿತು. ಲಿಮಾದ ಚಿತ್ರಕಾರರ ಸಂಘ ಪ್ರತಿಭಟಿಸಿತು. ಇದು ಕೈಕಸುಬು, ಕಲೆಯಲ್ಲ. ಚಿತ್ರಕಾರನಿಗೆ ಸಲ್ಲಬೇಕಾದ ಗೌರವ ಪೆಟ್ಟಿಗೆ ಮಾಡುವವನಿಗೆ ಏಕೆ ಎಂಬುದು ಅವರ ವಾದ. ಇದನ್ನು ಓದಿದಾಗ ನನಗೆ ಕೋಪ ಬಂತು. ಆಮೇಲೆ ಯೋಚಿಸಿದೆ: ನಾವೂ ಅದನ್ನೇ ಮಾಡುತ್ತೇವೆ. ಥರ್ಮಾಕೋಲಿನ ದೊಡ್ಡ ಗೋದಲಿಗೆ ಬಹುಮಾನ, ಮಕ್ಕಳ ಡಬ್ಬಿಗೆ "ಚೆಂದ ಉಂಟು" ಎಂಬ ಒಂದು ಮಾತು.

ಆ ಪುಟ್ಟ ಪೆಟ್ಟಿಗೆ ಎಂಥ ಭಾರ ಹೊರಬಲ್ಲುದು ಎಂಬುದು ತಿಳಿದದ್ದು ಅದರ ನಂತರ. 1980ರಿಂದ ಇಪ್ಪತ್ತು ವರ್ಷ ಪೆರುವಿನಲ್ಲಿ ಶೈನಿಂಗ್ ಪಾತ್ ಎಂಬ ಸಶಸ್ತ್ರ ಗುಂಪಿಗೂ ಸರಕಾರದ ಪಡೆಗಳಿಗೂ ಯುದ್ಧ ನಡೆಯಿತು. 2003ರಲ್ಲಿ ಸತ್ಯಶೋಧನಾ ಆಯೋಗ ಕೊಟ್ಟ ವರದಿಯಲ್ಲಿ ಸತ್ತವರು, ಕಾಣೆಯಾದವರು ಸುಮಾರು 69,000 ಎಂಬ ಅಂದಾಜಿದೆ. ಅದರಲ್ಲಿ ಅತಿ ಹೆಚ್ಚು ಆಯಾಕುಚೊ ಪ್ರಾಂತ್ಯದವರು. ಆಯೋಗದ ಲೆಕ್ಕದಲ್ಲಿ ಬಲಿಯಾದವರಲ್ಲಿ ನಾಲ್ಕರಲ್ಲಿ ಮೂವರ ಮನೆಮಾತು ಕೆಚುವಾ ಅಥವಾ ಬೇರೆ ಮೂಲನಿವಾಸಿ ಭಾಷೆ, ರಾಜಧಾನಿಯ ಕಚೇರಿಗಳ ಸ್ಪ್ಯಾನಿಷ್ ಅಲ್ಲ. ಯಾರಿಗೆ ದೂರು ಕೊಡುವುದು, ಯಾವ ಭಾಷೆಯಲ್ಲಿ? ರೆತಾಬ್ಲೊ ಕಲಾವಿದರೂ ಮಾನವಶಾಸ್ತ್ರಜ್ಞರೂ ಆದ ಎದಿಲ್ಬೆರ್ತೊ ಹಿಮೆನೆಸ್ ಅವರು ಹಳ್ಳಿಯವರ ಮಾತುಗಳನ್ನು ಕೇಳಿ ಅವುಗಳನ್ನು ಪೆಟ್ಟಿಗೆಯೊಳಗೆ ಕಟ್ಟಿದರು. ಅದೇ ಎರಡು ಬಾಗಿಲು, ಅದೇ ಹೂವಿನ ಬಣ್ಣಗಳು. ತೆರೆದರೆ ಒಳಗೆ ಕುರುಬರೂ ಕುರಿಗಳೂ ಇರಬೇಕಾದ ಜಾಗದಲ್ಲಿ ಬಂದೂಕು ಹಿಡಿದವರು, ಕೈ ಕಟ್ಟಿಸಿಕೊಂಡ ಹಳ್ಳಿಗರು.

ಅದರ ಚಿತ್ರಗಳನ್ನು ನೋಡುವಾಗ ನನಗೆ ಹೆರೋದನ ಆಜ್ಞೆಗೆ ಬಲಿಯಾದ ಬೆತ್ಲೆಹೇಮಿನ ಶಿಶುಗಳ ನೆನಪಾಯಿತು. ಡಿಸೆಂಬರ್ 28ಕ್ಕೆ ಅವರ ಸ್ಮರಣೆ. ಅಷ್ಟರೊಳಗೆ ನಮಗೆ ಕುಸ್ವಾರ್ ಹಂಚಿ ಸುಸ್ತಾಗಿರುತ್ತದೆ, ನಮ್ಮ ಯಾವ ಗೋದಲಿಯಲ್ಲೂ ಅವರಿಗೆ ಜಾಗವಿಲ್ಲ.

ಈಗ ನಮ್ಮ ಕ್ರಿಸ್ತೋಪದೇಶದ ಕೋಣೆಗೆ ಬರುತ್ತೇನೆ.

ಅಕ್ಟೋಬರಿನಲ್ಲಿ ಒಂದು ದಿನ ಬಾಯಿಯ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಹಂದಿ ಕೊಬ್ಬಿನ ಡಬ್ಬಿಯ ಮರಿಯಮ್ಮನ ಫೋಟೊವನ್ನು ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಹಾಕಿ ತುಂಬ ಹೊತ್ತು ನೋಡಿದರು. ನಾನು ಸೇರಿಸಿದೆ, "ಗೋದಲಿ ಅಂದರೆ ದನಕ್ಕೆ ಮೇವು ಹಾಕುವ ಜಾಗ ಅಲ್ಲವಾ ಬಾಯಿ? ಅದೂ ತಿನ್ನುವ ಪಾತ್ರೆಯೇ." ಅವರು ತಟ್ಟನೆ ಹೇಳಿದರು: "ಅದು ಅವರಿಗೆ ಬೇರೆ ಜಾಗ ಸಿಗದೆ ಮಲಗಿಸಿದ್ದು. ನಿಮಗೆ ಜಾಗ ಇಲ್ಲವಾ?"

ಇದಕ್ಕೂ ನನ್ನಲ್ಲಿ ಉತ್ತರವಿಲ್ಲ. ನ್ಯೂ ಮೆಕ್ಸಿಕೊದವನಿಗೆ ಬೇರೆ ಲೋಹ ಇರಲಿಲ್ಲ, ಮಾರ್ಸೇಯ್‌ನವರಿಗೆ ಚರ್ಚ್ ಇರಲಿಲ್ಲ, ಕ್ರಾಕೊದವನಿಗೆ ಕೂಲಿ ಇರಲಿಲ್ಲ. ನಮಗೆ ಎಲ್ಲ ಉಂಟು, ಪೇಟೆಯಲ್ಲಿ ಸಿದ್ಧ ಗೋದಲಿಯೂ ಉಂಟು. ಇದ್ದೂ ಡಬ್ಬಿ ಹಿಡಿಯುವುದು ಅವರು ಮಾಡಿದ್ದಕ್ಕೆ ಸಮ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಪೇಟೆಯ ಗೋದಲಿ ಇಟ್ಟ ವರ್ಷ ಮಕ್ಕಳು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಡಬ್ಬಿ ಹಿಡಿದ ದಿನ "ಜೋಸೆಫಪ್ಪ ಎಲ್ಲಿ ಮಲಗಿದರು? ಕತ್ತೆಗೆ ಹುಲ್ಲು ಯಾರು ಹಾಕಿದರು?" ಎಂದು ಕೇಳುತ್ತಲೇ ಇದ್ದರು. ಇಷ್ಟು ನಾನು ಕಣ್ಣಾರೆ ಕಂಡದ್ದು.

ಕೊನೆಗೆ ಬಾಯಿ ಒಂದು ರಾಜಿಗೆ ಬಂದರು. ಬಿಸ್ಕತ್ತಿನದ್ದು, ಚಾಕಲೇಟಿನದ್ದು ಆಗಬಹುದು. ನಶ್ಯದ್ದು ಬೇಡವೇ ಬೇಡ. ಮೀನಿನದ್ದನ್ನು ನೋಡುವ.

ಕಳೆದ ವರ್ಷದ ಡಬ್ಬಿಗಳ ಗತಿಯನ್ನೂ ಹೇಳಿಬಿಡುತ್ತೇನೆ. ಮಳೆಗಾಲ ಮುಗಿದು ಕಪಾಟು ತೆರೆದಾಗ ಅರ್ಧಕ್ಕರ್ಧ ತುಕ್ಕು. ಒಂದರಲ್ಲಿ ಬಾಲಯೇಸುವಿನ ಹುಲ್ಲಿನ ಮೇಲೆಲ್ಲ ಕೆಂಪು ನೀರಿನ ಗೆರೆ. ತಪ್ಪು ನನ್ನದೇ, ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿದವಳು ಇದನ್ನು ಮರೆಯಬಾರದಿತ್ತು. ಸತು ಲೇಪಿಸಿದ ಶೀಟಿಗೆ ಗೀರು ಬಿದ್ದರೆ ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ತವರ ಹಾಗಲ್ಲ. ಗೀರು ಬಿದ್ದ ಜಾಗದಲ್ಲಿ ಕಬ್ಬಿಣವೇ ಮೊದಲು ಸವೆಯುತ್ತದೆ, ತವರದ ಪಕ್ಕದಲ್ಲಿ ಇನ್ನೂ ಬೇಗ. ನಾವು ಲೇಬಲ್ ತೆಗೆಯಲು ಸ್ಟೀಲ್ ಉಜ್ಜುವ ನಾರಿನಿಂದ ಗಸಗಸ ಉಜ್ಜಿದ್ದೆವು. ಅದರ ಮೇಲೆ ಒದ್ದೆ ಪಾಚಿ, ನಮ್ಮ ಕಡಲಿನ ಉಪ್ಪುಗಾಳಿ. ಇನ್ನೇನಾಗಬೇಕು?

ಹಾಗಾಗಿ ಈ ಸಲ ಲೇಬಲನ್ನು ಬಿಸಿನೀರಿನಲ್ಲಿ ನೆನೆಸಿ ಬಟ್ಟೆಯಿಂದ ಬಿಡಿಸಿ, ಉಜ್ಜಬೇಡಿ. ಉಬ್ಬು ಅಕ್ಷರಗಳಿದ್ದರೆ ಹಾಗೇ ಇರಲಿ. ಒಳಗೂ ಹೊರಗೂ ಒಂದು ಕೈ ಎನಾಮಲ್ ಪೇಂಟ್ ಹೊಡೆದು ಒಂದು ದಿನ ಒಣಗಿಸಿ. ಪಾಚಿಯನ್ನು ಬಿಸಿಲಿಗೆ ಹಾಕಿದ ಮೇಲೆಯೇ ಅಂಟಿಸಿ. ಕತ್ತರಿಸಿದ ಅಂಚನ್ನು ಇಕ್ಕಳದಿಂದ ಒಳಕ್ಕೆ ಮಡಚಿ. ಮಕ್ಕಳ ಕೈಗೆ ಕೊಡುವ ಮೊದಲು ದೊಡ್ಡವರು ಬೆರಳಾಡಿಸಿ ನೋಡಬೇಕು. ನೀವಿಯಾದ ನೀಲಿ ಡಬ್ಬಿಗೆ ಬಣ್ಣವೇ ಬೇಡ, ಆ ನೀಲಿ 1925ರಿಂದ ಇರುವುದು, ರಾತ್ರಿಯ ಆಕಾಶಕ್ಕೆ ಅದಕ್ಕಿಂತ ಒಳ್ಳೆಯ ಬಣ್ಣ ಸಿಗುವುದಿಲ್ಲ. ಬೊಂಬೆಗಳಲ್ಲಿ ಒಂದಾದರೂ ನಮ್ಮ ಊರಿನವರು ಇರಲಿ: ಅಡಕೆ ಸುಲಿಯುವವರು, ಬೀಡಿ ಕಟ್ಟುವ ಅಕ್ಕ, ಮೀನಿನ ಬುಟ್ಟಿಯ ಬಾಯಮ್ಮ.

ಆಗಮನ ಕಾಲದ ಮೊದಲ ಭಾನುವಾರ ಎರಡನೇ ಪೂಜೆಯ ನಂತರ ಅದೇ ಕೋಣೆಯಲ್ಲಿ ಸೇರುವ. ಬಾಯಿಯೂ ಬರುತ್ತೇನೆ ಎಂದಿದ್ದಾರೆ. ಟ್ಯೂನಾ ಡಬ್ಬಿ ತರುವವರು ದಯವಿಟ್ಟು ಎರಡು ಸಲ ಸೋಪು ಹಾಕಿ ತೊಳೆದು ತನ್ನಿ, ಅವರು ಮೂಸಿ ನೋಡಿಯೇ ನೋಡುತ್ತಾರೆ.